ಹೋಟೆಲಿನ ಹಿಂಬಾಗಿಲು

ಮುಂಬಯಿಯಲ್ಲಿ ಕನ್ನಡಿಗರಿಗೆ ಹೆಸರು ತಂದ ಉದ್ಯಮಗಳಲ್ಲಿ ಹೋಟೆಲಿಗೆ ಅಗ್ರಸ್ಥಾನವೆಂದರೆ ಯಾರೂ ಅಲ್ಲಗಳೆಯಲಾರರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಿಂದ ಹಿಡಿದು ನಮ್ಮ ಬೊರಿವಲಿಯ ಉಪಾಹಾರಗೃಹಗಳ ತನಕ, ಗಿರಾಕಿಗಳು ನಮ್ಮವರನ್ನು ನಂಬಿ ಬರುವುದು ಎರಡು ಕಾರಣಗಳಿಂದ: ಒಂದು ರುಚಿ, ಇನ್ನೊಂದು ಶುಚಿ.

ಈ ಶುಚಿಯ ವಿಚಾರವಾಗಿಯೇ ವಾಚಕರೊಡನೆ ಎರಡು ಮಾತು ಆಡಬೇಕೆಂದಿದ್ದೇವೆ. ಈಚೆಗೊಂದು ಸಂಜೆ ಊರಿನ ಪರಿಚಯದ ಹುಡುಗನೊಬ್ಬನನ್ನು ಕಾಣಲು ಒಂದು ಹೋಟೆಲಿನ ಹಿಂಬಾಗಿಲಿಗೆ ಹೋದೆವು. ಮುಂದೆ ಒರೆಸಿದ ಮೇಜು, ಗಲ್ಲೆಯ ಮೇಲೆ ಊದುಬತ್ತಿ. ಹಿಂದೆ ನೋಡಿದರೆ ಎಂಜಲು, ಬಾಳೆಯೆಲೆ, ಪ್ಲಾಸ್ಟಿಕ್ ಚೀಲ, ಒಡೆದ ಲೋಟ ಎಲ್ಲವೂ ಒಂದೇ ಡ್ರಮ್ಮಿನಲ್ಲಿ! ಜಿಡ್ಡಿನ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಹುಡುಗ ಪಾತ್ರೆ ತಿಕ್ಕುತ್ತಿದ್ದ. ನಾವು ಮೂಗು ಮುಚ್ಚಿಕೊಂಡೆವು.

ಆದರೆ ಮೂಗು ಮುಚ್ಚುವ ಯೋಗ್ಯತೆ ನಮಗಿತ್ತೇ? ಅದಕ್ಕೆ ಕೆಲವೇ ತಿಂಗಳ ಹಿಂದೆ ನಮ್ಮ ಕಚೇರಿಯಲ್ಲಿ ಚಹದ ಗಾಜಿನ ಲೋಟ ಒಡೆದಾಗ, ಚೂರುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದವರು ನಾವೇ. ಮರುದಿನ ಕಸ ಎತ್ತುವ ಬಾಯಿಯ ಅಂಗೈಗೆ ಮೂರು ಹೊಲಿಗೆ ಬಿದ್ದವು. ಅವಳು ಯಾರನ್ನೂ ದೂರಲಿಲ್ಲ. ಅದೇ ನಮ್ಮನ್ನು ಹೆಚ್ಚು ಕಾಡಿತು.

ಎಸೆದ ಕಸ ಎಲ್ಲಿಗೋ ಹೋಗಿಬಿಡುತ್ತದೆಂಬುದು ನಮ್ಮೆಲ್ಲರ ಭ್ರಮೆ. ಬೊರಿವಲಿಯವರಿಗಂತೂ ಈ ಭ್ರಮೆ ಸಲ್ಲದು. ಗೋರಾಯಿ ಖಾರಿಯ ದಡದಲ್ಲಿ 1972ರಿಂದ ಸುಮಾರು 20 ಹೆಕ್ಟೇರು ನೆಲದಲ್ಲಿ ನಗರದ ಕಸ ಸುರಿದು ಗುಡ್ಡವೇ ಎದ್ದಿತು. 2007ರಲ್ಲಿ ಸುರಿಯುವುದನ್ನು ನಿಲ್ಲಿಸಿದರು. ಆ ಬಳಿಕ ಅದಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿ, ಒಳಗಿನ ಅನಿಲವನ್ನು ಕೊಳವೆಗಳಿಂದ ಹೊರತೆಗೆಯಬೇಕಾಯಿತು. ಅನಿಲವೇಕೆ? ಹಸಿ ಕಸ ಗಾಳಿಯಿಲ್ಲದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದು ಉರಿಯುವ ಅನಿಲ. 2016ರ ಜನವರಿಯಲ್ಲಿ ದೇವನಾರದ ಕಸದ ರಾಶಿ ಹೊತ್ತಿ, ಹೊಗೆ ನಗರವನ್ನು ಕವಿದುದನ್ನು ಅನೇಕರು ಮರೆತಿರಲಾರರು.

ಅದೇ ಅನ್ನ, ಅದೇ ತರಕಾರಿಯ ಸಿಪ್ಪೆ ಬೇರೆಯಾಗಿ ಉಳಿದರೆ ಗೊಬ್ಬರ. ಗಾಜು, ಪ್ಲಾಸ್ಟಿಕ್ಕುಗಳೊಡನೆ ಬೆರೆತರೆ ಯಾರಿಗೂ ಬೇಡದ ಹೊಲಸು. 2016ರ ಕೇಂದ್ರ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದವು. ಅಂಥವರು ಹಸಿ ಕಸವನ್ನು ತಮ್ಮಲ್ಲಿಯೇ ಗೊಬ್ಬರ ಮಾಡಬೇಕೆಂದು ನಮ್ಮ ಮಹಾನಗರಪಾಲಿಕೆಯೂ 2017ರ ಅಕ್ಟೋಬರ್ 2ರಿಂದ ವಿಧಿಸಿತು. ಸಣ್ಣ ಹೋಟೆಲಿನವರು ಈ ವರ್ಗಕ್ಕೆ ಸೇರದಿರಬಹುದು. ಆದರೆ ಎರಡು ಡ್ರಮ್ಮು ಇಡಲು ನಿಯಮವೇ ಬರಬೇಕೆಂದಿಲ್ಲವಷ್ಟೆ!

ಕರಿದು ಉಳಿದ ಎಣ್ಣೆಯ ಮಾತು ಬೇರೆ. ಅದನ್ನು ಮೋರಿಗೆ ಸುರಿದರೆ ಹೆಪ್ಪುಗಟ್ಟಿ ಮೋರಿ ಕಟ್ಟುತ್ತದೆ. ಮತ್ತೆ ಮತ್ತೆ ಕಾಯಿಸಿದರೆ ಗಿರಾಕಿಯ ಹೊಟ್ಟೆ ಕೆಡುತ್ತದೆ. ಅಂಥ ಎಣ್ಣೆಯನ್ನು ಕೊಂಡು ಡೀಸೆಲಿನಂಥ ಇಂಧನ ಮಾಡುವ ಯೋಜನೆಗೆ 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಚಾಲನೆ ಕೊಟ್ಟಿತು.

ಇನ್ನು ಮೋರಿ ಕಟ್ಟಿತೆಂದು ಯಾರೋ ಬಡವನನ್ನು ನೂರಿನ್ನೂರು ರೂಪಾಯಿಗೆ ಗುಂಡಿಗೆ ಇಳಿಸುವುದಂತೂ ಮಹಾಪರಾಧ. ಒಳಗಿನ ವಿಷಾನಿಲ ಕ್ಷಣಾರ್ಧದಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೂ ಮಲಗುಂಡಿಗೂ ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಹಣ ಬಂದರೂ ಮಗ ಬರುವನೇ?

ಬೆಂಕಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 2015ರ ಅಕ್ಟೋಬರ್ 16ರಂದು ಕುರ್ಲಾದ ಒಂದು ಹೋಟೆಲಿನಲ್ಲಿ ಬೆಂಕಿ ಹತ್ತಿ ಎಂಟು ಮಂದಿ ತೀರಿಕೊಂಡರು. ಹೆಚ್ಚಿನವರು ಊಟಕ್ಕೆ ಬಂದಿದ್ದ ವಿದ್ಯಾರ್ಥಿಗಳು. ಸಿಲಿಂಡರಿನ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ಹಿಂಬಾಗಿಲಿಗೆ ಅಡ್ಡವಾಗಿ ಖಾಲಿ ಡಬ್ಬ ಇವೆಲ್ಲ ದಿನವೂ ಕಾಣುವ ನೋಟ. ಕಸವೆಂದರೆ ಬರಿಯ ದುರ್ನಾತವಲ್ಲ; ಆಪತ್ಕಾಲದಲ್ಲಿ ಓಡುವ ದಾರಿಗೆ ಹಾಕಿದ ಅಗುಳಿಯೂ ಹೌದು.

ನಮ್ಮ ಸಂಘದ ಸದಸ್ಯರಲ್ಲಿ ಹೋಟೆಲಿನ ಯಜಮಾನರೂ ಇದ್ದಾರೆ, ಅಲ್ಲಿ ದುಡಿಯುವವರೂ ಇದ್ದಾರೆ. ಯಜಮಾನರಲ್ಲಿ ನಮ್ಮ ವಿನಂತಿ ಇಷ್ಟೇ: ದಿನಕ್ಕೊಮ್ಮೆ ಗಲ್ಲೆಯಿಂದೆದ್ದು ಹಿಂಬಾಗಿಲಿಗೆ ಬನ್ನಿ. ಪಾತ್ರೆ ತಿಕ್ಕುವ ಹುಡುಗನ ಕಾಲಿಗೆ ರಬ್ಬರಿನ ಜೋಡು, ಕೈಗೆ ಗವುಸು ಇವೆಯೇ ನೋಡಿ. ಅದರ ಖರ್ಚು ಒಂದು ಹೊತ್ತಿನ ವ್ಯಾಪಾರದ ಅಂಶವೂ ಆಗದು.

ನಾವೂ ಕಚೇರಿಯಲ್ಲಿ ಒಂದು ತಗಡಿನ ಡಬ್ಬ ಇಟ್ಟು, ಮೇಲೆ ‘ಗಾಜು’ ಎಂದು ಮರಾಠಿಯಲ್ಲಿ ಬರೆದು ಅಂಟಿಸಿದ್ದೇವೆ. ಬಾಯಿ ಅದನ್ನು ಓದಿ, “ಇಷ್ಟು ವರ್ಷ ಇದು ಹೊಳೆಯಲಿಲ್ಲವೇ ಸಾಹೇಬ?” ಎಂದು ಕೇಳಿದಳು. ಬಿ.ಎ. ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ.