ಮಕ್ಕಳಿಗೆ ಪ್ರಥಮ ಚಿಕಿತ್ಸೆ: ತಂದೆತಾಯಂದಿರು ಮನೆಯಲ್ಲೇ ಕಲಿಯುವ ಬಗೆ

ಬೆಳೆಗೆ ರೋಗ ತಗುಲಿದರೆ ನಾಲ್ಕು ಜನರನ್ನು ವಿಚಾರಿಸಿ ಔಷಧಿ ಸಿಂಪಡಿಸಲು ಅವಕಾಶವುಂಟು. ಮಗುವಿಗೆ ಹಾವು ಕಚ್ಚಿದರೆ, ಅಥವಾ ಅದು ಕೀಟನಾಶಕ ಕುಡಿದರೆ ಅಂಥ ಅವಕಾಶವಿಲ್ಲ. ತೋಟದ ಮನೆಯಿಂದ ಆಸ್ಪತ್ರೆ ಸೇರುವವರೆಗೆ ಮಗುವಿನ ಜೀವ ತಂದೆತಾಯಿಯರ ಕೈಯಲ್ಲಿರುತ್ತದೆ. ತರಬೇತಿ ಶಿಬಿರಕ್ಕೆ ಹೋಗಲಾಗದವರೂ ಇದರಲ್ಲಿ ಬಹುಪಾಲನ್ನು ತಾವೇ ಕಲಿಯಬಹುದು.

ಕಲಿಯುವ ಕ್ರಮ

ವಾರಕ್ಕೆ ಒಂದೇ ಅಪಾಯವನ್ನು ಆರಿಸಿಕೊಳ್ಳಿ. "ಈಗಲೇ ಹೀಗಾದರೆ ಏನು ಮಾಡುತ್ತೇವೆ?" ಎಂದು ಮೊದಲು ಗಂಡಹೆಂಡಿರು ಪರಸ್ಪರ ಹೇಳಿಕೊಳ್ಳಿ. ಅನಂತರ ಸರಿಯಾದ ಕ್ರಮವನ್ನು ಓದಿ ತಾಳೆ ನೋಡಿ. ಎಲ್ಲಿ ತಪ್ಪಿತೆಂದು ತಾವೇ ಕಂಡುಕೊಂಡದ್ದು ಬೇಗ ಮರೆಯುವುದಿಲ್ಲ. ಕೊನೆಗೆ ಕೈಯಿಂದ ಮಾಡಿ ನೋಡಿ. ತಿಂಗಳಾದ ಮೇಲೆ ಪುಸ್ತಕ ನೋಡದೆ ಮತ್ತೊಮ್ಮೆ ಮಾಡಿ.

ಹಾವು ಕಡಿತ

ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ಕೂಡದು. ಬಿಗಿಯಾದ ಕಟ್ಟು ರಕ್ತಸಂಚಾರ ನಿಲ್ಲಿಸಿ ಕೈಕಾಲನ್ನೇ ಕೆಡಿಸಬಹುದು. ಓಡಾಡಿದರೆ ವಿಷ ಬೇಗ ಹರಡುತ್ತದೆ. ಆದ್ದರಿಂದ ಧೈರ್ಯ ಹೇಳಿ, ಕಚ್ಚಿದ ಅಂಗ ಅಲುಗದಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ಮಗುವನ್ನು ಎತ್ತಿಕೊಂಡೇ ಹೋಗಬೇಕು. ಕಟ್ಟುಹಾವು ಕಚ್ಚಿದಾಗ ನೋವು, ಊತ ಕಾಣದಿರಬಹುದು; ಅದನ್ನು ನಂಬಿ ಕಾಯಬಾರದು. ವಿಷಕ್ಕೆ ಮದ್ದೆಂದರೆ ಆಸ್ಪತ್ರೆಯ ಪ್ರತಿವಿಷ ಮಾತ್ರ. ಬಿದಿರ ದಬ್ಬೆ, ಟವೆಲ್ ಬಳಸಿ ಒಬ್ಬರಿಗೊಬ್ಬರು ಕಟ್ಟಿ ಅಭ್ಯಾಸ ಮಾಡಿ.

ಕೀಟನಾಶಕ ಸೇವನೆ

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಹಳೆಯ ರೂಢಿ, ಅದನ್ನು ಬಿಡಬೇಕು. ಹಲವು ಔಷಧಿಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕವಿರುತ್ತದೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಔಷಧಿ ಬಿದ್ದ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಲೇಬೇಕು. ಅಭ್ಯಾಸಕ್ಕಾಗಿ ಮನೆಯಲ್ಲಿರುವ ಡಬ್ಬಿಗಳ ಚೀಟಿ ಓದಿ. ಅದರ ಮೇಲಿನ ಗುರುತಿನಲ್ಲಿ ಕೆಂಪು ಅತಿ ಹೆಚ್ಚು ವಿಷ. ಅನಂತರ ಹಳದಿ, ನೀಲಿ, ಹಸಿರು. ಓದಿದ ಮೇಲೆ ಡಬ್ಬಿಗಳನ್ನು ಬೀಗದೊಳಗಿಡಿ.

ಸುಟ್ಟ ಗಾಯ

ಶಾಯಿ, ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ತಣ್ಣೀರು ಹರಿಸಬೇಕು, ಮಂಜುಗಡ್ಡೆ ಬೇಡ. ಅಷ್ಟು ಹೊತ್ತಿಗೆ ಎಷ್ಟು ಕೊಡ ನೀರು ಬೇಕೆಂದು ಗಡಿಯಾರ ನೋಡಿ ಒಮ್ಮೆ ಅಳೆದುಕೊಳ್ಳಿ.

ಸ್ವಂತ ಕಲಿಕೆಯ ಮಿತಿ

ಕೃಷಿಹೊಂಡದಲ್ಲಿ ಮುಳುಗಿದ ಮಗುವಿಗೆ ಉಸಿರು ಕೊಡುವುದು, ಎದೆ ಒತ್ತುವುದು, ಗಂಟಲಲ್ಲಿ ಸಿಕ್ಕಿದ್ದನ್ನು ತೆಗೆಯುವುದು ಓದಿನಿಂದಷ್ಟೇ ಬರುವ ವಿದ್ಯೆಗಳಲ್ಲ. ಇವನ್ನು ಆರೋಗ್ಯ ಕೇಂದ್ರದವರಿಂದಲೋ ರೆಡ್‌ಕ್ರಾಸ್ ತರಬೇತಿಯಲ್ಲೋ ಗೊಂಬೆಯ ಮೇಲೆ ಕಲಿಯಬೇಕು. ಆರೋಗ್ಯವಂತ ಮಗುವಿನ ಎದೆ ಒತ್ತಿ ಅಭ್ಯಾಸ ಮಾಡಲೇಬಾರದು. ವಿಸ್ತರಣಾ ಕಾರ್ಯಕರ್ತರು ಹತ್ತು ಮನೆಯವರನ್ನು ಸೇರಿಸಿದರೆ ಇಂಥ ಒಂದು ದಿನದ ತರಬೇತಿ ಏರ್ಪಡಿಸುವುದು ಸುಲಭ.

ಪ್ರತಿವಿಷ ಸಿಗುವ ಹತ್ತಿರದ ಆಸ್ಪತ್ರೆ, ರಾತ್ರಿ ಕರೆದರೂ ಬರುವ ವಾಹನದವರ ಫೋನ್ ಸಂಖ್ಯೆ, ಆಂಬುಲೆನ್ಸಿನ 108 ಇವಿಷ್ಟನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಬೀಜ, ಗೊಬ್ಬರ ಹೊಂದಿಸಿಕೊಳ್ಳುವಾಗಲೇ ಈ ಪಾಠಗಳನ್ನೂ ಒಮ್ಮೆ ತಿರುವಿಹಾಕುವುದು ಒಳ್ಳೆಯದು.