ಮಾಥೇರಾನ್‌ನ ಕೆರೆಯೂ ದಸ್ತೂರಿಯ ದಾರಿಯೂ

ನಾಡಹಬ್ಬ, ರಾಜ್ಯೋತ್ಸವ, ವಾರ್ಷಿಕೋತ್ಸವಗಳ ಗಡಿಬಿಡಿ ಮುಗಿಯುತ್ತಿದ್ದಂತೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಸಮಿತಿ ಸಭೆಗಳಲ್ಲಿ ವಿಹಾರಕೂಟದ ಮಾತು ಏಳುತ್ತದೆ. ಲೋನಾವಳಾ ಎಂದರೆ ರವಿವಾರದ ವಾಹನದಟ್ಟಣೆ, ಮಹಾಬಲೇಶ್ವರಕ್ಕೆ ಒಂದು ದಿನ ಸಾಲದು. ಕೊನೆಗೆ ಯಾರಾದರೊಬ್ಬರು ಮಾಥೇರಾನ್ ಹೆಸರು ಹೇಳುತ್ತಾರೆ. ಕೂಡಲೇ ಬರುವ ಪ್ರಶ್ನೆ ಒಂದೇ: "ನಮ್ಮ ಹಿರಿಯ ಸದಸ್ಯರು ಅಷ್ಟು ದೂರ ನಡೆದಾರೆಯೇ?"

ಪ್ರಶ್ನೆ ಸರಿಯಾದುದೇ. ಸುಮಾರು 800 ಮೀಟರ್ ಎತ್ತರದ ಈ ಗಿರಿಧಾಮದೊಳಗೆ ಕಾರು, ಬಸ್ಸು, ಸ್ಕೂಟರ್‌ಗಳಿಗೆ ಪ್ರವೇಶವಿಲ್ಲ. ಆಂಬುಲೆನ್ಸ್ ಒಂದನ್ನು ಬಿಟ್ಟರೆ ಮೋಟಾರಿನ ಸದ್ದೇ ಇಲ್ಲದ ಊರು ಎಂದು ಇದು ಬಹುಕಾಲ ಹೆಸರಾಗಿತ್ತು. ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರೆ, ಅಲ್ಲಿಂದ ಬಾಡಿಗೆ ಟ್ಯಾಕ್ಸಿಗಳು ಘಾಟಿ ಏರಿ ದಸ್ತೂರಿ ನಾಕಾದವರೆಗೆ ಮಾತ್ರ ಬಿಡುತ್ತವೆ. ಪೇಟೆ ಅಲ್ಲಿಂದ ಮತ್ತೆ ಸುಮಾರು ಮೂರು ಕಿಲೋಮೀಟರ್.

1850ರಲ್ಲಿ ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ಬ್ರಿಟಿಷರಿಗೆ ಪರಿಚಯಿಸಿದ. ಆದರೆ ಸಾಮಾನ್ಯರಿಗೆ ಬೆಟ್ಟ ಹತ್ತಿರವಾದದ್ದು 1907ರಲ್ಲಿ, ಉದ್ಯಮಿ ಆದಮ್‌ಜಿ ಪೀರ್‌ಭಾಯ್ ಅವರ ಹಣ ಮತ್ತು ಅವರ ಪುತ್ರ ಅಬ್ದುಲ್ ಹುಸೇನ್ ಅವರ ಹಟದಿಂದ ಆದ ಪುಟಾಣಿ ರೈಲಿನಿಂದ. ಎರಡಡಿ ಅಗಲದ ಹಳಿ, ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ, ಎರಡು ಗಂಟೆಗೂ ಮಿಕ್ಕಿದ ಪಯಣ. ಅವಸರದವರಿಗೆ ಹೇಳಿದ್ದಲ್ಲ! 2005ರ ಜುಲೈ ಮಹಾಮಳೆಗೆ ಹಳಿ ಕೊಚ್ಚಿಹೋಗಿ 2007ರಲ್ಲಿ ಮತ್ತೆ ಓಡಿತು. 2019ರ ಮಳೆ ಪುನಃ ಕೆಡವಿತು, ನೇರಳ್‌ನಿಂದ ರೈಲು ಹೊರಡಲು 2022ರ ಅಕ್ಟೋಬರ್ ಬರಬೇಕಾಯಿತು. ಮಳೆಗಾಲದಲ್ಲಿ ಕೆಳಗಿನ ದಾರಿ ಬಂದ್ ಇರುತ್ತದೆ, ದಸ್ತೂರಿಯ ಬಳಿಯ ಅಮನ್ ಲಾಡ್ಜ್‌ನಿಂದ ಮಾಥೇರಾನ್‌ವರೆಗಿನ ಶಟಲ್ ಮಾತ್ರ ಓಡುತ್ತದೆ.

ಪೇಟೆಯಿಂದ ಕೆರೆಗೆ ಹೋಗುವ ಕೆಂಪು ಮಣ್ಣಿನ ದಾರಿಯಲ್ಲಿ ಕರಾವಳಿಯ ಕನ್ನಡಿಗರಿಗೆ ಊರಿನ ನೆನಪಾಗದೆ ಇರದು. ಅದೇ ಮುರಕಲ್ಲು, ಅದೇ ನೇರಳೆ ಮರಗಳ ನೆರಳು, ಚಪ್ಪಲಿಗೆ ಮೆತ್ತುವ ಅದೇ ಧೂಳು. ಷಾರ್ಲೆಟ್ ಕೆರೆ ದೊಡ್ಡದೇನಲ್ಲ. ಪವಾಯಿ ಕೆರೆ ಕಂಡವರಿಗೆ ಇದು ದೇವಸ್ಥಾನದ ಪುಷ್ಕರಣಿಯಂತೆ ತೋರೀತು. ದಂಡೆಯಲ್ಲಿ ಪಿಸರನಾಥ ಮಹಾದೇವನ ಗುಡಿ ಇದೆ. ಸುತ್ತ ಕಾಡು, ಮಳೆಗಾಲದಲ್ಲಿ ಕಟ್ಟೆ ತುಂಬಿ ಹರಿಯುವ ನೀರು. ಈ ಕೆರೆ ಊರಿನ ಕುಡಿಯುವ ನೀರಿನ ಆಸರೆಯೂ ಹೌದು. ಆದುದರಿಂದ ಈಜಾಟ ನಿಷಿದ್ಧ. ಊಟದ ಎಲೆ, ಪ್ಲಾಸ್ಟಿಕ್ ಲೋಟಗಳನ್ನು ಇಲ್ಲಿ ಬಿಟ್ಟು ಬರುವ ಪಿಕ್‌ನಿಕ್ ತಂಡಗಳನ್ನು ಏನೆನ್ನಬೇಕೋ! ಬುತ್ತಿ ಬಿಚ್ಚಿದರೆ ಮಂಗಗಳು ಹಾಜರು ಎಂಬುದೂ ನೆನಪಿರಲಿ. ಹತ್ತಿರದಲ್ಲೇ ಎಕೋ ಪಾಯಿಂಟ್, ಲೂಯಿಸಾ ಪಾಯಿಂಟ್‌ಗಳಿವೆ. ಎಲ್ಲ ಪಾಯಿಂಟ್‌ಗಳನ್ನೂ ಮುಗಿಸುವ ಹಟ ಹಿಡಿದರೆ ವಿಹಾರ ಹೋಗಿ ಕವಾಯತು ಆಗುತ್ತದೆ. ಕೆರೆಯ ದಂಡೆಯಲ್ಲಿ ಸುಮ್ಮನೆ ಕುಳಿತು ಊರ ಸುದ್ದಿ ಮಾತಾಡಿದರೂ ದಿನ ಸಾರ್ಥಕ.

ಆದರೆ ಅಲ್ಲಿಗೆ ತಲಪುವ ಬಗೆ? ನಡೆಯಲಾಗದವರಿಗೆ ಇದ್ದುದು ಕುದುರೆ, ಇಲ್ಲವೇ ಕೈಗಾಡಿ. ಮುಂದೆ ಒಬ್ಬ ಎಳೆಯಬೇಕು, ಏರಿನಲ್ಲಿ ಹಿಂದಿನಿಂದ ಇನ್ನೊಬ್ಬಿಬ್ಬರು ದೂಡಬೇಕು. ಕುಳಿತವರು ಮಂಡಿನೋವಿನ ಅಮ್ಮನೋ ಅಜ್ಜನೋ ಆಗಿರುತ್ತಿದ್ದರು, ಶಖಕ್ಕಾಗಿ ಹತ್ತಿದವರೂ ಇಲ್ಲದಿರಲಿಲ್ಲ. ಹೋಟೆಲುಗಳಲ್ಲಿ ಹಗಲಿಡೀ ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹಿರಿಯ ತಲೆಮಾರಿನ ಕನ್ನಡಿಗರಿಗೆ ಆ ಏದುಸಿರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಸ್ವತಃ ಎಳೆಯುವವರೇ ಇದರಿಂದ ಬಿಡುಗಡೆ ಬೇಡಿದ್ದರು ಎಂಬುದು ಗಮನಾರ್ಹ. ಅವರು ಕೇಳಿದ್ದು ದಾನವನ್ನಲ್ಲ, ಇ-ರಿಕ್ಷಾದ ಪರವಾನಿಗೆಯನ್ನು. ಸರ್ವೋಚ್ಚ ನ್ಯಾಯಾಲಯದ ಅನುಮತಿಯಂತೆ 2022ರ ಕೊನೆಯಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾಗಳು ಬಂದವು. ತಮ್ಮ ಹೊಟ್ಟೆಪಾಡಿನ ಭಯದಿಂದ ಕುದುರೆಯವರು ವಿರೋಧಿಸಿದರು, ಪರಿಸರಪ್ರಿಯರೂ ಆಕ್ಷೇಪವೆತ್ತಿದರು. 2003ರಲ್ಲೇ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾದ ಬೆಟ್ಟದಲ್ಲಿ ಈ ಆತಂಕ ಅಕಾರಣವೇನಲ್ಲ. ಆದರೂ ಊರಿನ ಮೌನ ಕಾಯಲು ಮನುಷ್ಯ ಮನುಷ್ಯನನ್ನು ಎಳೆಯುತ್ತಲೇ ಇರಬೇಕು ಎಂಬ ವಾದ ಒಪ್ಪತಕ್ಕದ್ದಲ್ಲ.

2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ನೇತೃತ್ವದ ಪೀಠ ಅದನ್ನೇ ಹೇಳಿತು. ಸ್ವಾತಂತ್ರ್ಯ ಬಂದು 78 ವರ್ಷಗಳಾದರೂ ಈ ಪದ್ಧತಿ ಉಳಿದಿರುವುದು ಸಂವಿಧಾನದ ಆಶಯಕ್ಕೆ ವಿರುದ್ಧವೆಂದು ತಿಳಿಸಿ, ಆರು ತಿಂಗಳೊಳಗೆ ಕೈಗಾಡಿ ನಿಲ್ಲಿಸುವಂತೆ ಆದೇಶಿಸಿತು. ಇ-ರಿಕ್ಷಾಗಳು ಮೊದಲು ನಿಜವಾದ ಕೈಗಾಡಿ ಎಳೆಯುವವರಿಗೆ ಸಿಗಬೇಕು, ಹಣವಿಲ್ಲವೆಂಬ ನೆಪ ಸಲ್ಲದು ಎಂದೂ ಸರಕಾರಕ್ಕೆ ತಾಕೀತು ಮಾಡಿತು. ದಸ್ತೂರಿಯಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗಿನ ದಾರಿಗೆ ಪೇವರ್ ಬ್ಲಾಕ್ ಹಾಸಲು ಒಪ್ಪಿಗೆಯಿತ್ತು, ಒಳದಾರಿಗಳ ಕೆಂಪು ಮಣ್ಣನ್ನು ಹಾಗೆಯೇ ಉಳಿಸಲು ಸೂಚಿಸಿತು.

ಹಿರಿಯರನ್ನು ಕರೆದೊಯ್ಯುವ ಸಂಘಗಳು ಶನಿವಾರ-ರವಿವಾರ ಬಿಟ್ಟು ವಾರದ ನಡುವಿನ ದಿನ ಆರಿಸಿಕೊಂಡರೆ ಶಟಲ್‌ನಲ್ಲಿ ನೂಕುನುಗ್ಗಲು ಕಡಿಮೆ. ಶಟಲ್ ಮತ್ತು ಇ-ರಿಕ್ಷಾಗಳ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಸಂಜೆ ಚಿಕ್ಕಿಯ ಅಂಗಡಿಗಳಲ್ಲಿ ಕಳೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದುಕೊಂಡರೆ ರಾತ್ರಿ ಊಟದೊಳಗೆ ಮನೆ ಸೇರಬಹುದು.