ತಳಿಯ ಆಯ್ಕೆಯೂ ಒಕ್ಕಲಿಗನ ಹಿತವೂ

ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ಶರಣೆ ನೀಲಮ್ಮನ ಐಕ್ಯಸ್ಥಳವೆಂದು ನಾಡಿಗೆಲ್ಲ ಪರಿಚಿತವಾದ ಊರು. ಕೃಷ್ಣೆಯ ದಂಡೆಯ ಈ ಸೀಮೆಗೆ ಇನ್ನೊಂದು ಪರಿಚಯವೂ ಉಂಟು. ಇದು ಎರೆಭೂಮಿಯ, ಬಿಳಿಜೋಳದ, ತುಂಬು ಮೈಕಟ್ಟಿನ ಎತ್ತುಗಳ ಸೀಮೆ. ಆಹಾರೋತ್ಪಾದನೆಯ ಮಾತು ಎದ್ದಾಗಲೆಲ್ಲ ನೀರು ಗೊಬ್ಬರಗಳ ಚರ್ಚೆಯೇ ಮುಂದಾಗುತ್ತದೆ. ತಳಿಯನ್ನು ಆರಿಸುವವರಾರು, ಯಾವ ಗುಣಕ್ಕಾಗಿ ಆರಿಸುವರು ಎಂಬ ಮೂಲಪ್ರಶ್ನೆಯು ಹಿಂದೆ ಬೀಳುತ್ತದೆ. ಈ ಪ್ರಶ್ನೆಗೆ ಇಲ್ಲಿಯ ಜೋಳವೂ ದನವೂ ಉತ್ತರ ಹೇಳಬಲ್ಲವು.

ಒಳ್ಳೆಯ ತೆನೆಗಳನ್ನು ಬೇರೆ ತೆಗೆದಿಟ್ಟು ಮುಂದಿನ ವರ್ಷ ಬಿತ್ತುವದು ನಮ್ಮ ಒಕ್ಕಲಿಗನಿಗೆ ಹೊಸದಲ್ಲ. ಶಾಸ್ತ್ರವು ಅದಕ್ಕೊಂದು ಕ್ರಮವನ್ನು ಒದಗಿಸಿತು. ಡೆನ್ಮಾರ್ಕದ ಯೊಹಾನ್ಸನ್ ಎಂಬ ವಿಜ್ಞಾನಿಯು 1903ರಲ್ಲಿ ಬೀನ್ಸ್ ಕಾಳುಗಳ ಪ್ರಯೋಗದಿಂದ ಎರಡು ಸಂಗತಿಗಳನ್ನು ತೋರಿಸಿದನು. ಬೆರಕೆಯ ಬೀಜದಲ್ಲಿ ಹಲವು ಶುದ್ಧ ವಂಶಗಳು ಅಡಗಿರುತ್ತವೆ. ಅವುಗಳಲ್ಲಿ ಉತ್ತಮವಾದುದನ್ನು ಆರಿಸಿ ತೆಗೆಯಬಹುದು. ಆದರೆ ಒಮ್ಮೆ ಶುದ್ಧವಾದ ವಂಶದೊಳಗೆ ಮತ್ತೆ ಮತ್ತೆ ಆರಿಸುವದರಿಂದ ಹೆಚ್ಚಿನ ಫಲವಿಲ್ಲ. ಮುಂದಿನ ಸುಧಾರಣೆಗೆ ಬೇರೆ ತಳಿಯೊಡನೆ ಸಂಕರ ಮಾಡಲೇಬೇಕು. ಜೋಳವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವದರಿಂದ ಈ ಕ್ರಮವು ಅದಕ್ಕೆ ಚೆನ್ನಾಗಿ ಸಲ್ಲುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಹೀಗೆ ಆರಿಸಿದ ತಳಿಯೇ ಎಂ 35-1. ವಿಜಯಪುರದ ಎರೆಹೊಲಗಳಲ್ಲಿ ಅದನ್ನು ಇಂದಿಗೂ ಬಿತ್ತುತ್ತಾರೆ.

ಈ ದೀರ್ಘಾಯುಷ್ಯಕ್ಕೆ ಕಾರಣವೇನು? ಹಿಂಗಾರಿ ಜೋಳವು ಬಿತ್ತಿದ ಮೇಲೆ ಮಳೆಯನ್ನು ನೆಚ್ಚದೆ, ಎರೆಮಣ್ಣಿನಲ್ಲಿ ಅಡಗಿದ ತೇವದ ಮೇಲೆಯೇ ಬೆಳೆಯಬೇಕು. ಸುಳಿನೊಣವನ್ನೂ ಬರವನ್ನೂ ತಾಳಬೇಕು. ಕಾಳು ಮುತ್ತಿನಂತೆ ಬೆಳ್ಳಗಿದ್ದು ರೊಟ್ಟಿಗೆ ಒದಗಬೇಕು. ದನಕ್ಕೆ ಕಣಿಕೆಯೂ ಯಥೇಷ್ಟವಾಗಿ ಸಿಗಬೇಕು. ಮಾಲದಂಡಿಯು ಇವೆಲ್ಲವನ್ನೂ ಒಟ್ಟಿಗೆ ಕೊಟ್ಟಿತು. 1964ರಲ್ಲಿ ಬಂದ ದೇಶದ ಮೊದಲನೆಯ ಸಂಕರ ಜೋಳ ಸಿಎಸ್‌ಎಚ್-1 ಇಳುವರಿಯಲ್ಲಿ ಹಿರಿದಾದುದು. ಅದೂ ಅದರ ಬಳಿಕ ಬಂದ ಸಂಕರ ತಳಿಗಳೂ ಮುಂಗಾರಿ ಪ್ರದೇಶದಲ್ಲಿ ನೆಲೆಯೂರಿದವು. ಹಿಂಗಾರಿ ಹೊಲದಲ್ಲಿ ಮಾತ್ರ ಮಾಲದಂಡಿಯನ್ನು ಕದಲಿಸಲಾರದೆ ಹೋದವು. ಸಂಕರ ಬೆಳೆಯ ಕಾಳನ್ನೇ ಮತ್ತೆ ಬಿತ್ತಿದರೆ ಮೊದಲಿನ ಕಸುವು ಉಳಿಯದು. ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು. ಒಣಬೇಸಾಯದ ಬಡ ಒಕ್ಕಲಿಗನಿಗೆ ಇದು ಸಣ್ಣ ಭಾರವಲ್ಲ.

ಇನ್ನು ದನಗಳ ಮಾತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಿಕರು ಜಿಗುಟಾದ ಎರೆಮಣ್ಣಿನಲ್ಲಿ ನೇಗಿಲೆಳೆಯಬಲ್ಲ ಭಾರಿ ಎತ್ತುಗಳಿಗಾಗಿ ಗೀರ್, ಕಾಂಕ್ರೇಜ್, ಓಂಗೋಲ್ ಹಾಗೂ ಮೈಸೂರು ಕಡೆಯ ದನಗಳ ರಕ್ತವನ್ನು ಕೂಡಿಸಿದರು. ಅದರಿಂದ ಕೃಷ್ಣಾ ಕಣಿವೆಯ ತಳಿಯು ರೂಪುಗೊಂಡಿತು. ಒಂದು ಹೋರಿಯು ಅನೇಕ ಕರುಗಳಿಗೆ ತಂದೆಯಾಗುವದರಿಂದ ಅದರ ಆಯ್ಕೆಯೇ ಈ ಕೆಲಸದ ಜೀವಾಳ. ಕರು ಬೆಳೆದು ಗುಣ ತೋರಲು ವರ್ಷಗಳೇ ಬೇಕಾದ್ದರಿಂದ, ಆಯ್ಕೆ ತಪ್ಪಿದರೆ ತಿದ್ದುವದಕ್ಕೂ ಅಷ್ಟೇ ಕಾಲ ಹಿಡಿಯುತ್ತದೆ. ಈ ತಳಿಯನ್ನು ಮುಖ್ಯವಾಗಿ ನೇಗಿಲಿಗಾಗಿ ಬೆಳೆಸಿದರು. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಹಾಲಿಗಾಗಿ ಜರ್ಸಿ, ಹೋಲ್‌ಸ್ಟೀನ್ ಸಂಕರಗಳು ಬಂದವು. ಹೀಗೆ ಕೃಷ್ಣಾ ಕಣಿವೆಯ ದನವು ತನ್ನ ತವರಿನಲ್ಲಿಯೇ ವಿರಳವಾಯಿತು.

ಆಯ್ಕೆಯು ಇದ್ದುದರಲ್ಲಿ ಆರಿಸಬಲ್ಲದೇ ಹೊರತು ಅಳಿದುದನ್ನು ಮರಳಿ ತರಲಾರದು. ನಾಳೆ ಹೊಸ ರೋಗವೋ ಘೋರ ಬರವೋ ಬಂದಾಗ ತಾಳುವ ಗುಣವನ್ನು ಹುಡುಕಬೇಕಾದುದು ಈ ಹಳೆಯ ತಳಿಗಳಲ್ಲಿಯೇ. ಆದುದರಿಂದ ಹೊಸ ಜೋಳವನ್ನು ಒಕ್ಕಲಿಗನ ಒಣಹೊಲದಲ್ಲಿಯೇ ಪರೀಕ್ಷಿಸಬೇಕು. ಕಾಳಿನೊಡನೆ ಕಣಿಕೆಯನ್ನೂ ತೂಗಬೇಕು. ರೊಟ್ಟಿ ಬಡಿಯುವ ತಾಯಂದಿರ ಅಭಿಪ್ರಾಯವನ್ನೂ ಕೇಳಬೇಕು. ಕೃಷ್ಣಾತೀರದ ಗ್ರಾಮಗಳಲ್ಲಿ ಉಳಿದ ಉತ್ತಮ ಹೋರಿಗಳ ವಂಶವನ್ನು ದಾಖಲಿಸಿ, ಅವುಗಳನ್ನು ಸಾಕುವವನಿಗೆ ನೆರವು ಕೊಡಬೇಕು. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರವೂ ಪಶುಸಂಗೋಪನ ಖಾತೆಯೂ ಈ ಕಾರ್ಯದಲ್ಲಿ ಒಕ್ಕಲಿಗನನ್ನು ಕೇವಲ ಗಿರಾಕಿಯೆಂದೆಣಿಸದೆ ಸಹಭಾಗಿಯೆಂದು ಭಾವಿಸಲಿ. ತಳಿಯನ್ನು ಶತಮಾನಗಳ ಕಾಲ ಕಾಯ್ದುಕೊಂಡು ಬಂದವನು ಅವನೇ. ಆಯ್ಕೆಯಲ್ಲಿ ಮೊದಲ ಮಾತೂ ಅವನದಾಗಬೇಕು.